ನಾನು ನೋಡದ ಅರ್ಧ ಅಟ್ಲಾಂಟಿಕ್

ಅಟ್ಲಾಂಟಿಕ್ ದಾಟಿ ಬಂದವರನ್ನು ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಬಿರುಗಾಳಿ ಸಿಕ್ಕಿತಾ? ತಿಮಿಂಗಿಲ ಕಾಣಿಸಿತಾ? ವಾಂತಿ ಆಯ್ತಾ? ರಾತ್ರಿ ಭಯ ಆಗಲ್ವಾ? ಎಲ್ಲದಕ್ಕೂ ನನ್ನ ಹತ್ತಿರ ಉತ್ತರ ಇದೆ, ಖುಷಿಯಿಂದಲೇ ಹೇಳುತ್ತೇನೆ. ಆದರೆ ಹೇಳುತ್ತಾ ಹೇಳುತ್ತಾ ಒಂದು ವಿಷಯ ಒಳಗೆ ಕೊರೆಯುತ್ತಲೇ ಇರುತ್ತದೆ. ಆ ಸಮುದ್ರವನ್ನು ನಾನು ಪೂರ್ತಿ ನೋಡಿಲ್ಲ. ಅರ್ಧ ನೋಡಿದ್ದೇನೆ. ಉಳಿದರ್ಧ ದಾಟುವಾಗ ನಾನು ಡೆಕ್ಕಿನ ಕೆಳಗೆ, ಅಲ್ಯೂಮಿನಿಯಂ ಗೋಡೆಗೆ ಬೆನ್ನು ಕೊಟ್ಟು ಮಲಗಿದ್ದೆ. ಗೋಡೆಯ ಆಚೆ, ನನ್ನ ಕಿವಿಯಿಂದ ಒಂದು ಗೇಣು ದೂರದಲ್ಲಿ, ನೀರು ಸುಯ್ಯೆಂದು ಹಿಂದಕ್ಕೆ ಓಡುತ್ತಿತ್ತು. ದೋಣಿಯನ್ನು ಬೇರೆ ಯಾರೋ ನಡೆಸುತ್ತಿದ್ದರು.

ಮೊದಮೊದಲು ಇದು ಬೇಜಾರಿನ ಸಂಗತಿ ಅನ್ನಿಸುತ್ತಿತ್ತು. ಅಷ್ಟು ದುಡ್ಡು, ಅಷ್ಟು ರಜೆ, ಅಷ್ಟು ತಯಾರಿ, ಅರ್ಧ ನಿದ್ದೆಯಲ್ಲೇ ಹೋಯ್ತಲ್ಲ ಅಂತ. ಈಗ ಹಾಗನ್ನಿಸುವುದಿಲ್ಲ. ಆ ಪ್ರಯಾಣದಲ್ಲಿ ನನಗೆ ಈಗ ಜಾಸ್ತಿ ನೆನಪಾಗುವುದೇ ಆ ಮಲಗಿದ್ದ ಅರ್ಧ. ದೊಡ್ಡ ಹಾಯಿದೋಣಿಯ ಬದುಕು ಎಂಥದ್ದು ಅಂತ ಯಾರಾದರೂ ಸುಮ್ನೆ ಅಲ್ಲ, ನಿಜವಾಗಿ ತಿಳಿಯಲು ಕೇಳಿದರೆ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ನಾವು ಹೋದದ್ದು ಆರ್ಕ್‌ನಲ್ಲಿ. ಅಟ್ಲಾಂಟಿಕ್ ರ‍್ಯಾಲಿ ಫಾರ್ ಕ್ರೂಸರ್ಸ್. ಪ್ರತಿ ವರ್ಷ ನವೆಂಬರ್ ಕೊನೆಗೆ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಸ್‌ನಿಂದ ಹೊರಟು ಕೆರಿಬಿಯನ್ನಿನ ಸೇಂಟ್ ಲೂಸಿಯಾ ಸೇರುವ ಯಾತ್ರೆ, ಸುಮಾರು 2,700 ನಾಟಿಕಲ್ ಮೈಲಿ (ಹೆಚ್ಚುಕಡಿಮೆ 5,000 ಕಿ.ಮೀ.). 1986ರಲ್ಲಿ ಮೊದಲ ಸಲ ನಡೆದಾಗ 24 ದೇಶಗಳ 204 ದೋಣಿಗಳು ಹೊರಟಿದ್ದವು. ಆಗ ಬಾರ್ಬಡೋಸ್‌ಗೆ ಹೋಗುತ್ತಿದ್ದರು, 1990ರಿಂದ ಸೇಂಟ್ ಲೂಸಿಯಾ. ಹೆಚ್ಚಿನವರು ಅಲ್ಲಿ ಕುಟುಂಬದ ಜೊತೆ, ಗೆಳೆಯರ ಜೊತೆ ನಿಧಾನವಾಗಿ ದಾಟುವವರು. ಅವರಿಗೆ ಗಾಳಿ ಇಲ್ಲದಾಗ ಎಂಜಿನ್ ಹಾಕಿಕೊಳ್ಳಲು ಅವಕಾಶ ಇದೆ, ಎಷ್ಟು ಗಂಟೆ ಹಾಕಿದೆವು ಅಂತ ಪ್ರಾಮಾಣಿಕವಾಗಿ ಬರೆದುಕೊಡಬೇಕು, ಅದಕ್ಕೆ ತಕ್ಕ ದಂಡ ಬೀಳುತ್ತದೆ. ಇನ್ನು ಕೆಲವರು ರೇಸ್ ವಿಭಾಗದವರು. ಇವರು ಬ್ಯಾಟರಿ ಚಾರ್ಜ್ ಮಾಡಲು ಎಂಜಿನ್ ಓಡಿಸಬಹುದು, ಮುಂದಕ್ಕೆ ಹೋಗಲು ಓಡಿಸುವ ಹಾಗಿಲ್ಲ. ನಮ್ಮದು ರೇಸ್ ವಿಭಾಗ.

ದೋಣಿ 70 ಅಡಿಯ ಹತ್ತಿರದ್ದು. ಒಂದು ಕಾಲದಲ್ಲಿ ಜಗತ್ತು ಸುತ್ತುವ ರೇಸಿಗೆ ಅಂತಲೇ ಕಟ್ಟಿದ್ದು, ಈಗ ದುಡ್ಡು ಕೊಟ್ಟು ಬರುವ ನನ್ನಂಥವರನ್ನು ಸಿಬ್ಬಂದಿಯಾಗಿ ಸೇರಿಸಿಕೊಳ್ಳುತ್ತದೆ. ಯಾಟ್ ಅಂದ ಕೂಡಲೇ ಬಿಳಿ ಸೋಫಾ, ಮರದ ನೆಲ, ಗಾಜಿನ ಲೋಟ ಕಣ್ಣಿಗೆ ಬರುತ್ತವೆ ಅಲ್ವಾ? ಇದರಲ್ಲಿ ಅಂಥದ್ದೇನೂ ಇಲ್ಲ. ಒಳಗೆ ಬರೀ ಲೋಹ. ಎರಡು ಬದಿಗೆ ಪೈಪಿನ ಚೌಕಟ್ಟಿಗೆ ಕ್ಯಾನ್ವಾಸ್ ಬಿಗಿದು ಮಾಡಿದ ಮಲಗುವ ಬಂಕ್‌ಗಳು, ಒಂದರ ಮೇಲೊಂದು. ಮಧ್ಯದಲ್ಲಿ ಒಲೆ, ಹಿಂದೆ ನಕ್ಷೆಯ ಮೇಜು, ಮುಂದಿನ ಭಾಗದ ತುಂಬ ಒದ್ದೆ ಹಾಯಿಯ ಚೀಲಗಳು. ಮೇಲೆ ಬಲೆಯಲ್ಲಿ ತರಕಾರಿ. ಬಾಳೆಗೊನೆಯನ್ನು ಹಿಂಭಾಗದಲ್ಲಿ ನೇತುಹಾಕಿದ್ದೆವು. ಎಲ್ಲ ಅಟ್ಲಾಂಟಿಕ್ ಕಥೆಗಳಲ್ಲೂ ಆಗುವಂತೆ ಅದು ಒಂದೇ ದಿನ ಪೂರ್ತಿ ಹಣ್ಣಾಯಿತು, ಆಮೇಲೆ ಸಾಕುಸಾಕೆನಿಸುವಷ್ಟು ಬಾಳೆಹಣ್ಣಿನ ಕೇಕ್ ತಿಂದೆವು.

ನಾಲ್ಕು ಗಂಟೆ ಮೇಲೆ, ನಾಲ್ಕು ಗಂಟೆ ಕೆಳಗೆ

ಸಮುದ್ರದಲ್ಲಿ ದೋಣಿ ನಿಲ್ಲುವುದಿಲ್ಲ. ಲಂಗರು ಹಾಕೋಣವೆಂದರೆ ಕೆಳಗೆ ಕಿಲೋಮೀಟರುಗಟ್ಟಲೆ ನೀರು. ಹಾಗಾಗಿ ಜನರನ್ನು ಎರಡು ಪಾಲು ಮಾಡುತ್ತಾರೆ. ಒಂದು ಪಾಲು ಮೇಲಿದ್ದಾಗ ಇನ್ನೊಂದು ಪಾಲು ಕೆಳಗೆ. ಇದಕ್ಕೆ ವಾಚ್ ಅನ್ನುತ್ತಾರೆ. ಹಳೆಯ ಹಡಗುಗಳಲ್ಲಿ ನಾಲ್ಕು ನಾಲ್ಕು ಗಂಟೆಯ ವಾಚ್ ಮಾಡಿ, ಸಂಜೆ ಮಾತ್ರ ಎರಡೆರಡು ಗಂಟೆಯ ಎರಡು ತುಂಡು ಸೇರಿಸುತ್ತಿದ್ದರು. ಆಗ ದಿನಕ್ಕೆ ಏಳು ವಾಚ್ ಆಗುತ್ತದೆ, ಇವತ್ತು ಮಧ್ಯರಾತ್ರಿ ಎದ್ದವರಿಗೆ ನಾಳೆ ಆ ಹೊತ್ತಿಗೆ ನಿದ್ದೆ ಸಿಗುತ್ತದೆ. ಸ್ವೀಡಿಷ್ ಪದ್ಧತಿ ಅಂತ ಇನ್ನೊಂದಿದೆ, ಹಗಲು ಆರಾರು ಗಂಟೆ, ರಾತ್ರಿ ನಾಲ್ಕು ನಾಲ್ಕು. ನಮ್ಮ ಸ್ಕಿಪ್ಪರ್‌ಗೆ (ದೋಣಿಯ ನಾಯಕರು) ಇದ್ಯಾವುದೂ ಇಷ್ಟವಿಲ್ಲ. ನಾಲ್ಕು ಗಂಟೆ ಮೇಲೆ, ನಾಲ್ಕು ಗಂಟೆ ಕೆಳಗೆ, ಆ ದಡ ಮುಟ್ಟುವ ತನಕ ಅದೇ. ನಮ್ಮ ವಾಚ್ ಬೆಳಗಿನ ಜಾವ 4ರಿಂದ 8, ಮಧ್ಯಾಹ್ನ 12ರಿಂದ 4, ರಾತ್ರಿ 8ರಿಂದ 12. ಉಳಿದದ್ದೆಲ್ಲ ಇನ್ನೊಂದು ವಾಚ್‌ನವರದು. ದೇಹ ಒಂದೇ ಗಡಿಯಾರಕ್ಕೆ ಒಗ್ಗಿಕೊಳ್ಳಲಿ ಅನ್ನುವುದು ಅವರ ಲೆಕ್ಕ. ಸ್ಕಿಪ್ಪರ್ ಮಾತ್ರ ಯಾವ ವಾಚಿಗೂ ಸೇರಿದವರಲ್ಲ, ನಕ್ಷೆಯ ಮೇಜಿನ ಪಕ್ಕ ಬಟ್ಟೆ ಹಾಕಿಕೊಂಡೇ ಮಲಗುತ್ತಿದ್ದರು.

ರೇಸಿನಲ್ಲಿ ದೋಣಿ ಯಾವ ಬದಿಗೆ ವಾಲುತ್ತದೋ ಅದರ ಎದುರು ಬದಿಯಲ್ಲಿ, ಎತ್ತರದ ಬದಿಯಲ್ಲಿ ಮಲಗಬೇಕು. ಮಲಗಿದವರ ಮೈಭಾರವೂ ದೋಣಿಯನ್ನು ನೆಟ್ಟಗೆ ಹಿಡಿಯಲು ಬೇಕು. ಹಾಗಾಗಿ ಬಂಕ್ ಎಷ್ಟಿದ್ದರೂ ಕೆಲಸಕ್ಕೆ ಬರುವುದು ಅರ್ಧವೇ, ಒಂದು ಬಂಕಿಗೆ ಇಬ್ಬರು. ನನ್ನ ಜೊತೆ ಬಂಕ್ ಹಂಚಿಕೊಂಡವರು ಗ್ಲಾಸ್ಗೋ ಕಡೆಯ ಒಬ್ಬ ನರ್ಸ್, ಅರವತ್ತು ದಾಟಿದವರು, ವರ್ಷಾನುಗಟ್ಟಲೆ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮಾಡಿದವರು. ಅವರು ಏಳುತ್ತಿದ್ದ ಹಾಗೆ ನಾನು ಮಲಗುತ್ತಿದ್ದೆ. ನಾನು ಏಳುತ್ತಿದ್ದ ಹಾಗೆ ಅವರು. ಇಬ್ಬರಿಗೂ ಬೇರೆ ಬೇರೆ ಮಲಗುವ ಚೀಲ, ಹಾಸಿಗೆ ಒಂದೇ. ಕ್ಯಾನ್ವಾಸು ಯಾವಾಗಲೂ ಬೆಚ್ಚಗೇ ಇರುತ್ತಿತ್ತು.

ಆ ಬಂಕಿನ ಹೊರಬದಿಗೆ ಒಂದು ರಾಟೆ, ಒಂದು ತೆಳು ಹಗ್ಗ. ದೋಣಿ ವಾಲಿದಷ್ಟೂ ಹಗ್ಗ ಎಳೆದೋ ಬಿಟ್ಟೋ ಬಂಕನ್ನು ಮಟ್ಟ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಒಂದೋ ಗೋಡೆಗೆ ಅಂಟಿಕೊಳ್ಳುತ್ತೀರಿ ಇಲ್ಲವೇ ಹೊರಗಿನ ಬಟ್ಟೆಯ ತಡೆಗೆ ಜೋತು ಬೀಳುತ್ತೀರಿ. ಮೊದಲ ಕೆಲವು ದಿನ ಮಲಗುವ ಮುಂಚೆ ಐದು ನಿಮಿಷ ಈ ಹಗ್ಗದ ಜೊತೆಗೇ ಕಳೆಯುತ್ತಿತ್ತು. ಆಮೇಲೊಂದು ದಿನ ಗಮನಕ್ಕೆ ಬಂತು, ನಾನು ಹಗ್ಗ ಮುಟ್ಟುವುದನ್ನೇ ಬಿಟ್ಟಿದ್ದೆ. ಬಂದು ಬಿದ್ದುಕೊಂಡರೆ ಬಂಕು ಸರಿಯಾಗೇ ಇರುತ್ತಿತ್ತು. ಅವರು ಎದ್ದು ಹೋಗುವ ಮುಂಚೆ ಗಾಳಿ ಹೇಗಿದೆ ಅಂತ ನೋಡಿ, ಹಗ್ಗವನ್ನು ಅಷ್ಟಕ್ಕೆ ಕಟ್ಟಿ ಹೋಗುತ್ತಿದ್ದರು. ಇದನ್ನು ಅವರು ನನಗೆ ಹೇಳಿರಲಿಲ್ಲ. ನಾನೂ ಏನೂ ಕೇಳದೆ ಅವತ್ತಿನಿಂದ ಅವರಿಗೆ ಹಾಗೇ ಮಾಡಿಡತೊಡಗಿದೆ.

ಎಬ್ಬಿಸುವುದಕ್ಕೂ ಕ್ರಮ ಇತ್ತು. ವಾಚ್ ಬದಲಾಗಲು ಇಪ್ಪತ್ತು ನಿಮಿಷ ಇರುವಾಗ ಯಾರೋ ಬಂದು ಪಾದ ಮುಟ್ಟುತ್ತಾರೆ. ಮುಖಕ್ಕೆ ಟಾರ್ಚ್ ಬಿಡುವುದಿಲ್ಲ, ಕೆಂಪು ದೀಪ ಮಾತ್ರ, ಬಿಳಿ ಬೆಳಕು ಬಿದ್ದರೆ ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಮತ್ತೆ ಬಹಳ ಹೊತ್ತು ಬೇಕು. ಮೆಲ್ಲಗೆ ಮೂರು ಮಾತು: ಗಾಳಿ ಎಷ್ಟಿದೆ, ಮಳೆ ಇದೆಯಾ, ಏನು ಹಾಕಿಕೊಂಡು ಬರಬೇಕು. ಮೇಲೆ ಹತ್ತಿದ ಮೇಲೆ ಇನ್ನೊಂದು ಹತ್ತು ನಿಮಿಷ ಎರಡೂ ವಾಚ್ ಒಟ್ಟಿಗೆ. ಯಾವ ಹಾಯಿ ಏರಿದೆ, ಯಾವ ಹಗ್ಗ ಯಾವ ವಿಂಚಿನ (ಹಗ್ಗ ಸುತ್ತಿ ಬಿಗಿಯುವ ಉರುಳೆ) ಮೇಲಿದೆ, ಯಾವುದು ಉಜ್ಜಿ ಸವೆಯುತ್ತಿದೆ, ಹಿಂದೆ ಯಾವ ಮೋಡ ಬರುತ್ತಿದೆ, ರೇಡಾರ್ ಪರದೆಯಲ್ಲಿ ಯಾವ ಹಡಗಿದೆ. ಚುಕ್ಕಾಣಿ ಹಿಡಿದವರು ಹೊಸಬರ ಪಕ್ಕದಲ್ಲೇ ನಿಲ್ಲುತ್ತಾರೆ, ಹೊಸಬರ ಕೈಗೆ ಅಲೆಯ ಲಯ ಸಿಗುವ ತನಕ ಹೋಗುವುದಿಲ್ಲ. ನಮ್ಮ ನರ್ಸಮ್ಮ ಇದನ್ನು ಯಾರೂ ಹೇಳಿಕೊಡದೆಯೇ ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದರು. ಏನು ನಡೆಯಿತು ಅಂತ ಕಥೆ ಹೇಳುತ್ತಿರಲಿಲ್ಲ, ಮುಂದಿನ ಒಂದು ಗಂಟೆಯಲ್ಲಿ ಏನು ಆಗಬಹುದು ಅಂತ ಹೇಳುತ್ತಿದ್ದರು. ವಾರ್ಡಿನಲ್ಲಿ ಅವರಿಗೆ ರೂಢಿಯಾದದ್ದು ಅದೇ ಅಂತೆ.

ಇಷ್ಟೇ ನಮ್ಮ ಭೇಟಿ. ದಿನಕ್ಕೆ ಕೆಲವು ಸಲ, ಹತ್ತು ಹತ್ತು ನಿಮಿಷ, ಅದೂ ಬಹಳ ಸಲ ಕತ್ತಲಲ್ಲಿ, ಜಾಕೆಟ್ ಟೋಪಿಯೊಳಗೆ ಮುಚ್ಚಿದ ಮುಖ. ರಾತ್ರಿ ವಾಚ್‌ನವರು ಹಿಟ್ಟು ಕಲಸಿಡುತ್ತಿದ್ದರು, ನಾವು ಬೇಯಿಸುತ್ತಿದ್ದೆವು. ಅವರು ಅರ್ಧ ಹೊಲಿದಿಟ್ಟ ಹರಿದ ಹಾಯಿಯನ್ನು ನಾವು ಮುಂದುವರಿಸುತ್ತಿದ್ದೆವು. ಹೊಲಿಗೆ ಎಲ್ಲಿ ಕೈ ಬದಲಾಗಿದೆ ಅಂತ ಆ ಹಾಯಿಯ ಮೇಲೆ ಇವತ್ತಿಗೂ ಕಾಣುತ್ತದೆ.

ಸೂರ್ಯ ಕೈ ಬದಲಾಯಿಸಿದ್ದು

ಹೊರಡುವಾಗ ಸೂರ್ಯೋದಯ ನಮ್ಮ ವಾಚಿನದು. ದೋಣಿಯ ಗಡಿಯಾರವನ್ನು ಸ್ಕಿಪ್ಪರ್ ಕೊನೆಯ ತನಕ ಯುಟಿಸಿಯಲ್ಲೇ (ಗ್ರೀನಿಚ್ ಸಮಯದಲ್ಲೇ) ಇಟ್ಟಿದ್ದರು. ಲಾಸ್ ಪಾಲ್ಮಸ್‌ನಲ್ಲಿ ಆ ಸಮಯದ ಪ್ರಕಾರ ಬೆಳಗಾಗುವುದು 7 ಗಂಟೆ ದಾಟಿದ ಮೇಲೆ. 4ಕ್ಕೆ ಕಪ್ಪು ಕತ್ತಲಲ್ಲಿ ಎದ್ದು ಬಂದ ನಮಗೆ ಕೊನೆಗೆ ಅದೊಂದು ಸಂಬಳ ಇದ್ದಹಾಗೆ. ಪೂರ್ವದಲ್ಲಿ ಬೂದಿ ಬಣ್ಣ, ಆಮೇಲೆ ಅಲೆಗಳ ಅಂಚು ಬೇರೆಬೇರೆಯಾಗಿ ಕಾಣುವುದು, ಆಮೇಲೆ ಡೆಕ್ ಮೇಲೆ ರಾತ್ರಿ ಬಂದು ಬಿದ್ದ ಹಾರುವ ಮೀನುಗಳು. ಸೂರ್ಯಾಸ್ತ ಇನ್ನೊಂದು ವಾಚಿನವರದು. ನಾವು 8ಕ್ಕೆ ಮೇಲೆ ಬರುವ ಹೊತ್ತಿಗೆ ನಕ್ಷತ್ರಗಳು ಬಂದಾಗಿರುತ್ತಿದ್ದವು.

ಆದರೆ ನಾವು ಪಡುವಣಕ್ಕೆ ಹೋಗುತ್ತಿದ್ದೆವು. 15 ಡಿಗ್ರಿ ರೇಖಾಂಶ ದಾಟಿದರೆ ಒಂದು ಗಂಟೆ. ಗಡಿಯಾರ ಮುಟ್ಟದೆ ಇದ್ದದ್ದರಿಂದ ಸೂರ್ಯ ದಿನದಿನಕ್ಕೂ ತಡ ಮಾಡುತ್ತಾ ಬಂದ. 7:30, 7:45. ಒಂದು ದಿನ ವಾಚ್ ಮುಗಿಸಿ ಕೆಳಗಿಳಿಯುವಾಗಲೂ ಪೂರ್ವ ಕೆಂಪಗೆ ಇತ್ತು, ಸೂರ್ಯ ಹುಟ್ಟಿರಲಿಲ್ಲ. ಮೇಲೆ ಬಂದ ನರ್ಸಮ್ಮನಿಗೆ ನಾನು ಚುಕ್ಕಾಣಿ ಕೊಟ್ಟೆ, ಸೂರ್ಯೋದಯವನ್ನೂ ಕೊಟ್ಟೆ. ಅವತ್ತಿನಿಂದ ಅದು ಅವರದು. ಸುಮಾರು 27 ಡಿಗ್ರಿ ಪಶ್ಚಿಮದ ಆಸುಪಾಸು ಆಗಿದ್ದು ಇದು. ಇನ್ನೂ ಮುಂದೆ ಹೋದ ಮೇಲೆ, ಹೆಚ್ಚುಕಡಿಮೆ ಸಾಗರದ ನಡುಮಧ್ಯದಲ್ಲಿ, ಸೂರ್ಯಾಸ್ತ ರಾತ್ರಿ 8 ಗಂಟೆ ದಾಟಿ ನಮ್ಮ ವಾಚಿನೊಳಗೆ ಬಂದುಬಿಟ್ಟಿತು. ಕೊಟ್ಟದ್ದು ಒಂದು, ಸಿಕ್ಕಿದ್ದು ಒಂದು. ಸೇಂಟ್ ಲೂಸಿಯಾ ಹತ್ತಿರ ಬರುವಾಗ ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 10 ದಾಟಿದ ಮೇಲೆ ಬೆಳಗಾಗುತ್ತಿತ್ತು!

ಇದು ಬರೀ ಲೆಕ್ಕಾಚಾರ, ಶಾಲೆಯ ಭೂಗೋಳದಲ್ಲಿ ಎಲ್ಲರೂ ಓದಿದ್ದು. ಆದರೂ ಅಲ್ಲಿ ನಿಂತು ನೋಡುವಾಗ ನನಗೆ ಅದು ತುಂಬಾ ತಟ್ಟಿತು. ಒಂದೇ ದೋಣಿಯಲ್ಲಿದ್ದರೂ ಎರಡು ವಾಚಿನವರು ಎರಡು ಬೇರೆ ಸಾಗರ ದಾಟಿದ್ದಾರೆ. ಅವರಿಗೆ ಅಟ್ಲಾಂಟಿಕ್ ಅಂದರೆ ಕೊನೆಕೊನೆಯ ಆ ಉದ್ದದ ಬೆಳಗುಗಳು. ನನಗೆ ಸಂಜೆ. ನಡುವಿನ ಮಧ್ಯರಾತ್ರಿ 12ರಿಂದ 4 ನನ್ನ ಪಾಲಿಗೆ ಬರಲೇ ಇಲ್ಲ. ಆ ಹೊತ್ತಿನ ಆಕಾಶದಲ್ಲಿ ಯಾವ ನಕ್ಷತ್ರ ಎಲ್ಲಿತ್ತು ಅಂತ ನನಗೆ ಗೊತ್ತಿಲ್ಲ.

ಕರೆಯದೆ ಏಳಬಾರದು

ವ್ಯಾಪಾರ ಮಾರುತದ ಗಾಳಿ ಸಾಮಾನ್ಯವಾಗಿ ಸಭ್ಯ. ಈಶಾನ್ಯದಿಂದ 15–20 ನಾಟ್ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ), ಹಿಂದಿನಿಂದ ತಳ್ಳುತ್ತಾ ಹೋಗುತ್ತದೆ. ತೊಂದರೆ ಕೊಡುವುದು ರಾತ್ರಿಯ ಸ್ಕ್ವಾಲ್‌ಗಳು. ಒಂದು ಕಪ್ಪು ಮೋಡ, ಅದರ ಕೆಳಗೆ ಮಳೆಯ ಪರದೆ, ಅದು ತಲೆ ಮೇಲೆ ಬಂದಾಗ ಗಾಳಿ ಒಂದೆರಡು ನಿಮಿಷದಲ್ಲಿ ಎರಡರಷ್ಟಾಗುತ್ತದೆ. ಆರಾಮಾಗಿ ದಾಟುವವರು ಕತ್ತಲಾಗುವ ಮುಂಚೆಯೇ ಹಾಯಿ ಕಮ್ಮಿ ಮಾಡಿಬಿಡುತ್ತಾರೆ. ಮಲಗಿದವರು ಮಲಗಲಿ ಅಂತ. ಬಹಳ ಒಳ್ಳೆಯ ಪದ್ಧತಿ. ರೇಸಿನಲ್ಲಿ ಹಾಗೆ ಮಾಡುವಂತಿಲ್ಲ, ಮಾಡಿದರೆ ಬೆಳಗಾಗುವಷ್ಟರಲ್ಲಿ ಪಕ್ಕದ ದೋಣಿ ಹತ್ತಾರು ಮೈಲಿ ಮುಂದೆ ಹೋಗಿರುತ್ತದೆ. ಹಾಗಾಗಿ ಮುಂದೆ ಉಬ್ಬಿ ನಿಲ್ಲುವ ಆ ತೆಳು ನೈಲಾನ್ ಹಾಯಿ, ಸ್ಪಿನ್ನೇಕರ್, ರಾತ್ರಿಯೂ ಮೇಲೆಯೇ ಇರುತ್ತದೆ.

ಆ ರಾತ್ರಿ ನಾನು ಕೆಳಗಿದ್ದೆ. ಎಚ್ಚರವಾದದ್ದು ಸದ್ದು ಬದಲಾದದ್ದಕ್ಕೆ. ಗೋಡೆಯಾಚೆಯ ನೀರು ಸುಯ್ಯೆನ್ನುವುದನ್ನು ಬಿಟ್ಟು ಭೋರಿಡತೊಡಗಿತ್ತು. ಇಡೀ ಲೋಹದ ಹೊಟ್ಟೆ ನಡುಗಿ ಗುಂಯ್ ಅನ್ನುತ್ತಿತ್ತು, ಅಷ್ಟು ವೇಗ. ತಲೆಯ ಮೇಲೆ ಓಡುವ ಕಾಲುಗಳು. ವಿಂಚಿನಿಂದ ಹಗ್ಗ ಜಾರಿದ ಕಿರ್ರ್ ಸದ್ದು. ಯಾರದೋ ಕೂಗು, ಮಾತು ತಿಳಿಯಲಿಲ್ಲ. ಆಮೇಲೆ ದೋಣಿ ಒಂದು ಬದಿಗೆ ಮಲಗಿತು. ನಿಧಾನವಾಗಿ ಅಲ್ಲ, ಒಂದೇ ಸಲ. ನಾನು ಬಂಕಿನ ತಡೆಬಟ್ಟೆಗೆ ಬಿದ್ದೆ, ಎದುರು ಬದಿಯ ಗೋಡೆ ನೆಲವಾಯಿತು, ಅಡುಗೆ ಕಡೆ ಏನೇನೋ ಉರುಳಿ ಬಿದ್ದವು. ಮೇಲೆ ಸ್ಪಿನ್ನೇಕರ್ ಗಾಳಿಗೆ ಬಡಿಯುವ ಸದ್ದು. ಅದು ಬಟ್ಟೆಯ ಸದ್ದು ಅಂತ ಅನ್ನಿಸುವುದೇ ಇಲ್ಲ, ಒಂದೊಂದು ಬಡಿತಕ್ಕೂ ಮಾಸ್ಟ್, ಅಂದರೆ ಹಾಯಿಕಂಬ, ಅದುರಿ ಆ ಅದುರು ಬಂಕಿನ ಪೈಪಿಗೆ ಬಂದು ನನ್ನ ಹಲ್ಲಿಗೆ ತಾಗುತ್ತಿತ್ತು.

ನಮ್ಮ ದೋಣಿಯಲ್ಲಿ ನಿಯಮ ಸ್ಪಷ್ಟ ಇತ್ತು. ಕರೆದರೆ ಲೈಫ್ ಜಾಕೆಟ್ ಹಾಕಿಕೊಂಡು ತಕ್ಷಣ ಮೇಲೆ. ಕರೆಯದಿದ್ದರೆ ಮಲಗಿದಲ್ಲೇ ಇರಬೇಕು. ಕತ್ತಲಲ್ಲಿ, ವಾಲಿದ ಡೆಕ್ಕಿನ ಮೇಲೆ, ಯಾರು ಎಲ್ಲಿದ್ದಾರೆ ಅಂತ ಲೆಕ್ಕ ಇಟ್ಟುಕೊಂಡು ಕೆಲಸ ಮಾಡುವವರ ಮಧ್ಯೆ ನಿದ್ದೆಗಣ್ಣಿನ ಇನ್ನೊಬ್ಬರು ಬಂದರೆ ಅವರಿಗೆ ಅದು ಇನ್ನೊಂದು ಅಪಾಯ. ಇದೆಲ್ಲ ಹಗಲು ಹೊತ್ತಿನಲ್ಲಿ ಒಪ್ಪಿಕೊಳ್ಳುವುದು ಸುಲಭ. ಆ ಹೊತ್ತಿನಲ್ಲಿ ಬಂಕಿನಲ್ಲಿ ಬಿದ್ದುಕೊಂಡು, ಕೈ ಆಗಲೇ ಜಾಕೆಟ್ಟಿನ ಬಕಲ್ ಹಿಡಿದಿರುವಾಗ, ಕರೆ ಬರುತ್ತದಾ ಅಂತ ಕಿವಿಗೊಟ್ಟು ಕಾಯುವುದು ನಾನು ಆ ಸಾಗರದಲ್ಲಿ ಮಾಡಿದ ಅತಿ ಕಷ್ಟದ ಕೆಲಸ. ಮಾಡುವುದು ಏನೂ ಇಲ್ಲ. ಮಲಗಿರಬೇಕು. ನಿದ್ದೆ ಬಂದರೆ ನಿದ್ದೆ ಮಾಡಬೇಕು, ಯಾಕೆಂದರೆ 4 ಗಂಟೆಗೆ ಅವರು ಮಲಗಬೇಕಾದಾಗ ನಾನು ಎಚ್ಚರವಾಗಿರಬೇಕು.

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ನಾವೆಲ್ಲ ಮಲಗಿದ್ದೇವೆ. ಶಿರಾಡಿ ಘಾಟಿಯ ತಿರುವಿನಲ್ಲಿ ಒಮ್ಮೆ ಎಚ್ಚರವಾಗಿ, ಮುಂದೆ ಡ್ರೈವರ್ ಇದ್ದಾನೆ ಅಂತ ಮತ್ತೆ ಕಣ್ಣು ಮುಚ್ಚಿದ್ದೇವೆ. ಆ ನಂಬಿಕೆಯೂ ದೊಡ್ಡದೇ. ಆದರೆ ಅಲ್ಲಿ ಡ್ರೈವರ್ ಯಾರಂತ ಗೊತ್ತಿರುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಇಲ್ಲಿ ನನಗೆ ಅವರ ಕೈ ಗೊತ್ತಿತ್ತು. ಚುಕ್ಕಾಣಿಯಲ್ಲಿ ನರ್ಸಮ್ಮ ಇದ್ದಾರಾ, ಅವರ ವಾಚಿನ ಆ ಎತ್ತರದ ಹುಡುಗ ಇದ್ದಾನಾ ಅಂತ ಬಂಕಿನಲ್ಲಿ ಮಲಗಿಯೇ ಹೇಳಬಹುದಿತ್ತು. ಹುಡುಗ ಅಲೆ ಬಂದ ಮೇಲೆ ತಿರುಗಿಸುತ್ತಿದ್ದ, ದೋಣಿಯ ಹಿಂಭಾಗ ಜಾರಿದ ಹಾಗೆ ಆಗುತ್ತಿತ್ತು. ಅವರು ಅಲೆ ಬರುವ ಮುಂಚೆಯೇ ತಿರುಗಿಸುತ್ತಿದ್ದರು. ಮತ್ತೆ, ಇನ್ನು ಸ್ವಲ್ಪ ಹೊತ್ತಿಗೆ ಅದೇ ಚುಕ್ಕಾಣಿ ನನ್ನ ಕೈಗೆ ಬಂದು, ಅವರು ಇದೇ ಬಂಕಿನಲ್ಲಿ ಇದೇ ಸದ್ದು ಕೇಳಿಕೊಂಡು ಮಲಗುತ್ತಾರೆ.

ಕರೆ ಬರಲಿಲ್ಲ. ದೋಣಿ ಎದ್ದು ನಿಂತಿತು. ಬಡಿತ ನಿಂತಿತು. ಆಮೇಲೆ ಒಂದು ಅರ್ಧ ನಿಮಿಷ ಮೇಲಿನಿಂದ ಏನೂ ಕೇಳಲಿಲ್ಲ, ಮಳೆಯ ಸದ್ದು ಬಿಟ್ಟರೆ. ಸದ್ಯ ಮುಗಿಯಿತು ಅಂದುಕೊಂಡೆ. ನಿದ್ದೆ ಯಾವಾಗ ಬಂತೋ ಗೊತ್ತಿಲ್ಲ. ಪಾದ ಮುಟ್ಟಿದಾಗ ಎದ್ದೆ: ಗಾಳಿ 20, ಮಳೆ ನಿಂತಿದೆ, ಜಾಕೆಟ್ ಸಾಕು, ಬೂಟು ಹಾಕಿಕೊಳ್ಳಿ.

ಮೈಲಿಯ ಲೆಕ್ಕ

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಮೊದಲ ವಾರದಲ್ಲಿ ನಮ್ಮ ಎರಡು ವಾಚಿನ ನಡುವೆ ಪೈಪೋಟಿ ಶುರುವಾಗಿತ್ತು. ನಾಲ್ಕು ಗಂಟೆಯಲ್ಲಿ ಯಾರು ಎಷ್ಟು ಮೈಲಿ ಓಡಿಸಿದರು ಅಂತ ನಕ್ಷೆಯ ಮೇಜಿನ ಪಕ್ಕದ ಬೋರ್ಡಿನಲ್ಲಿ ಬರೆಯುತ್ತಿದ್ದರು. ಮೇಲ್ನೋಟಕ್ಕೆ ಹುರುಪು ಕೊಡುವ ಆಟ. ಆದರೆ ಎರಡೇ ದಿನದಲ್ಲಿ ಅದರ ಗುಣ ಕಾಣಿಸಿತು. ವಾಚಿನ ಕೊನೆಯ ಅರ್ಧ ಗಂಟೆಯಲ್ಲಿ ಹಾಯಿ ಇಳಿಸಬೇಕಾದವರು ಇಳಿಸದೆ ಇನ್ನೊಂದೆರಡು ಮೈಲಿ ಎಳೆದು, ಆ ಕೆಲಸವನ್ನು ಬರುವವರಿಗೆ ಬಿಡುವುದು. ನಿದ್ದೆಯಿಂದ ಎದ್ದು ಬಂದವರಿಗೆ ಮೊದಲ ಕೆಲಸವೇ ಕತ್ತಲಲ್ಲಿ ಸ್ಪಿನ್ನೇಕರ್ ಇಳಿಸುವುದು. ಸ್ಕಿಪ್ಪರ್ ಒಂದು ಬೆಳಿಗ್ಗೆ ಏನೂ ಮಾತಾಡದೆ ಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿ, 24 ಗಂಟೆಯ ಒಟ್ಟು ಮೈಲಿ ಮಾತ್ರ ಬರೆದರು. ಆಮೇಲೆ ಬೇರೆ ಬೇರೆ ಬರೆಯುವ ಪ್ರಶ್ನೆಯೇ ಬರಲಿಲ್ಲ. ನನ್ನ ಪ್ರಕಾರ ಆ ಇಡೀ ರೇಸಿನಲ್ಲಿ ಅವರು ತೆಗೆದುಕೊಂಡ ಅತಿ ಒಳ್ಳೆಯ ತೀರ್ಮಾನ ಅದು. ಗಾಳಿ ನೋಡಿ ಆರಿಸಿಕೊಂಡ ದಾರಿಗಿಂತಲೂ.

ಇಬ್ಬರೇ ಇದ್ದರೆ, ಒಬ್ಬರೇ ಇದ್ದರೆ

ಬಂದ ಮೇಲೆ ನಾನು ಬೇರೆ ದೋಣಿಗಳ ಕಥೆಗಳನ್ನು ಈ ಕಣ್ಣಿನಿಂದಲೇ ಓದತೊಡಗಿದೆ. ಆ ಹೊತ್ತಿನಲ್ಲಿ ಕೆಳಗೆ ಮಲಗಿದ್ದವರು ಯಾರು ಅಂತ.

2014ರ ನವೆಂಬರ್ 29ರ ರಾತ್ರಿ, ಜಗತ್ತು ಸುತ್ತುವ ವೋಲ್ವೋ ಓಶನ್ ರೇಸಿನಲ್ಲಿ ಕೇಪ್ ಟೌನ್‌ನಿಂದ ಅಬುಧಾಬಿಗೆ ಹೋಗುತ್ತಿದ್ದ ಟೀಮ್ ವೆಸ್ಟಾಸ್ ವಿಂಡ್ ಅನ್ನುವ 65 ಅಡಿಯ ದೋಣಿ ಮಾರಿಷಸ್‌ನ ಈಶಾನ್ಯಕ್ಕಿರುವ ಕಾರ್ಗಡೋಸ್ ಕರಾಜೋಸ್ ಹವಳದ ದಿಬ್ಬಕ್ಕೆ ಬಡಿಯಿತು. ಕಂಪ್ಯೂಟರ್ ನಕ್ಷೆಯನ್ನು ಸಾಕಷ್ಟು ಹಿಗ್ಗಿಸಿ ನೋಡಿರಲಿಲ್ಲ, ದೂರದಿಂದ ನೋಡಿದರೆ ಆ ದಿಬ್ಬ ಎದ್ದು ಕಾಣುತ್ತಿರಲಿಲ್ಲ. ಒಂಬತ್ತು ಜನರೂ ಬದುಕಿದರು, ಅದು ದೊಡ್ಡದು. ಆದರೆ ನಾನು ಯೋಚಿಸುವುದು ವಾಚ್ ಮುಗಿಸಿ ಬಂಕಿನಲ್ಲಿದ್ದವರ ಬಗ್ಗೆ. ಅವರಿಗೆ ಆ ನಕ್ಷೆ ನೋಡುವ ಕೆಲಸವೇ ಇರಲಿಲ್ಲ. ನೋಡಿದ್ದಾರೆ ಅಂತ ನಂಬುವುದು ಅವರ ಕೆಲಸವಾಗಿತ್ತು.

2018ರ ಮಾರ್ಚ್ 26ರಂದು ಅದೇ ರೇಸಿನ ಸ್ಕ್ಯಾಲಿವ್ಯಾಗ್ ದೋಣಿಯಿಂದ ಜಾನ್ ಫಿಶರ್ ನೀರಿಗೆ ಬಿದ್ದರು. ಕೇಪ್ ಹಾರ್ನ್‌ನಿಂದ (ದಕ್ಷಿಣ ಅಮೆರಿಕದ ದಕ್ಷಿಣ ತುದಿ) ಸುಮಾರು 1,400 ಮೈಲಿ ಪಶ್ಚಿಮಕ್ಕೆ, ಬೆಳಗಾಗಲು ಸ್ವಲ್ಪ ಹೊತ್ತಿತ್ತು. ಒಂದು ಹಗ್ಗ ಸರಿಮಾಡಲು ಮುಂದೆ ಹೋಗುತ್ತಾ ಸುರಕ್ಷತೆಯ ಪಟ್ಟಿ ಬಿಚ್ಚಿದ್ದರು, ಅಷ್ಟರಲ್ಲಿ ದೊಡ್ಡ ಅಲೆಯ ಮೇಲೆ ಜಾರುತ್ತಿದ್ದ ದೋಣಿಯ ಹಾಯಿ ಒಂದು ಬದಿಯಿಂದ ಇನ್ನೊಂದು ಬದಿಗೆ ಬೀಸಿ, ಅದರ ಹಗ್ಗಗಳು ಅವರಿಗೆ ಬಡಿದವು. ಗಂಟೆಗಟ್ಟಲೆ ಹುಡುಕಿದರು. ಸಿಗಲಿಲ್ಲ. ಇದನ್ನು ಓದಿದಾಗಲೆಲ್ಲ ಆ ಸ್ಕ್ವಾಲಿನ ರಾತ್ರಿಯ ಮಳೆಯ ಸದ್ದಿನ ಅರ್ಧ ನಿಮಿಷ ನೆನಪಾಗಿ ಓದುವುದನ್ನು ನಿಲ್ಲಿಸುತ್ತೇನೆ.

ಇನ್ನು ನಮ್ಮ ತಾರಿಣಿ. ಗೋವಾದಲ್ಲಿ ಕಟ್ಟಿದ 56 ಅಡಿಯ ನೌಕಾಪಡೆಯ ದೋಣಿ. 2017–18ರಲ್ಲಿ ವರ್ತಿಕಾ ಜೋಶಿ ಅವರ ನೇತೃತ್ವದಲ್ಲಿ ಆರು ಮಹಿಳಾ ಅಧಿಕಾರಿಗಳು ಅದರಲ್ಲಿ ಜಗತ್ತು ಸುತ್ತಿದರು. ಆಗ ವಾಚ್ ಹಂಚಿಕೊಳ್ಳಲು ಆರು ಜನ. 2024ರ ಅಕ್ಟೋಬರ್ 2ರಂದು ಅದೇ ದೋಣಿಯಲ್ಲಿ ಹೊರಟವರು ಇಬ್ಬರೇ, ದಿಲ್ನಾ ಕೆ. ಮತ್ತು ರೂಪಾ ಎ. ಫ್ರೀಮ್ಯಾಂಟಲ್, ಲಿಟಲ್ಟನ್, ಪೋರ್ಟ್ ಸ್ಟಾನ್ಲಿ, ಕೇಪ್ ಟೌನ್ ಬಂದರುಗಳನ್ನು ಮುಟ್ಟಿ, ಕೇಪ್ ಹಾರ್ನ್ ಸುತ್ತಿ, 2025ರ ಮೇ 29ಕ್ಕೆ ಗೋವಾಕ್ಕೆ ಮರಳಿದರು. 25,000 ನಾಟಿಕಲ್ ಮೈಲಿಗೂ ಜಾಸ್ತಿ. ಪತ್ರಿಕೆಗಳಲ್ಲಿ ಅಲೆಯ ಎತ್ತರ, ಗಾಳಿಯ ವೇಗ ಎಲ್ಲ ಬಂತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು. ಇಬ್ಬರಲ್ಲಿ ಒಬ್ಬರು ಮಲಗಿದರೆ ಇನ್ನೊಬ್ಬರೇ ಪೂರ್ತಿ ವಾಚ್. ದಕ್ಷಿಣ ಸಾಗರದ ಚಳಿಯಲ್ಲಿ, ಮೇಲೆ ಒಬ್ಬರೇ ಇದ್ದಾರೆ ಅಂತ ಗೊತ್ತಿದ್ದೂ ಕೆಳಗೆ ಹೋಗಿ ಕಣ್ಣು ಮುಚ್ಚಬೇಕು. ಮುಚ್ಚದಿದ್ದರೆ ಎರಡು ದಿನಕ್ಕೆ ಇಬ್ಬರೂ ಕೆಲಸಕ್ಕೆ ಬಾರದವರಾಗುತ್ತಾರೆ. ಎಂಟು ತಿಂಗಳು ಹಾಗೆ ಬದುಕಿದವರು ಒಬ್ಬರನ್ನೊಬ್ಬರು ಎಷ್ಟು ಬಲ್ಲರು, ಮತ್ತೆ ಒಟ್ಟಿಗೆ ಎಚ್ಚರವಾಗಿ ಕೂತು ಮಾತಾಡಿದ್ದು ಎಷ್ಟು ಕಮ್ಮಿ ಇರಬಹುದು!

ಒಬ್ಬರೇ ಹೋಗುವವರ ಕಥೆಯೇ ಬೇರೆ. ನೌಕಾಪಡೆಯ ಅಧಿಕಾರಿಯಾಗಿದ್ದ ಅಭಿಲಾಷ್ ಟಾಮಿ 2012–13ರಲ್ಲಿ ಮ್ಹಾದೇಯಿ ದೋಣಿಯಲ್ಲಿ ಮುಂಬೈಯಿಂದ ಹೊರಟು ಎಲ್ಲೂ ನಿಲ್ಲದೆ ಒಬ್ಬರೇ ಜಗತ್ತು ಸುತ್ತಿ ಮುಂಬೈಗೇ ಬಂದರು. ಅದೂ 56 ಅಡಿಯದು. ಸಮುದ್ರದ ಅಂತರರಾಷ್ಟ್ರೀಯ ನಿಯಮಗಳಲ್ಲಿ 5ನೇ ನಿಯಮ ಇದೆ, ಪ್ರತಿ ನೌಕೆಯೂ ಎಲ್ಲ ಹೊತ್ತಿನಲ್ಲೂ ಕಣ್ಣು ಕಿವಿ ಎರಡರಿಂದಲೂ ಕಾವಲಿರಬೇಕು ಅಂತ. ಒಬ್ಬರೇ ಇದ್ದು ನಿದ್ದೆ ಮಾಡಿದರೆ ಅದು ಮುರಿದ ಹಾಗೆಯೇ. ಅದಕ್ಕೇ ಅವರು ತುಂಡು ತುಂಡಾಗಿ ನಿದ್ದೆ ಮಾಡುತ್ತಾರೆ, ಅಲಾರಂ ಇಟ್ಟು, ಎದ್ದು ಸುತ್ತ ನೋಡಿ, ಮತ್ತೆ ಮಲಗಿ. ಅವರ ಧೈರ್ಯಕ್ಕೆ ನನ್ನ ಪೂರ್ತಿ ಗೌರವ ಇದೆ. ಆದರೆ ಹಾಗೆ ಹೋಗುವ ಆಸೆ ನನಗಿಲ್ಲ. ನನಗೆ ಬೇಕಾದದ್ದು ಪಾದ ಮುಟ್ಟಿ ಎಬ್ಬಿಸುವವರಿರುವ ದೋಣಿ.

ರಾಡ್ನಿ ಬೇ

ಸೇಂಟ್ ಲೂಸಿಯಾದ ರಾಡ್ನಿ ಬೇ ಮರೀನಾದಲ್ಲಿ ಎಷ್ಟು ಹೊತ್ತಿಗೆ ಬಂದರೂ ಸ್ವಾಗತ ಇರುತ್ತದೆ, ರಮ್ ಪಂಚ್, ಹಣ್ಣಿನ ಬುಟ್ಟಿ. ಅದೆಲ್ಲ ಆಯ್ತು. ನಿದ್ದೆ ಆಯ್ತು. ಮಾರನೆಯ ದಿನ ನರ್ಸಮ್ಮ ಮತ್ತು ನಾನು ದಡದ ಮೇಲಿನ ಒಂದು ಸಣ್ಣ ಹೋಟೆಲಿನಲ್ಲಿ ಎದುರುಬದುರು ಕೂತೆವು. ಅವರ ಕಣ್ಣಿನ ಬಣ್ಣವನ್ನು ನಾನು ಸರಿಯಾಗಿ ನೋಡಿದ್ದು ಅವತ್ತು. ಇಬ್ಬರೂ ಒಂದೇ ಹೊತ್ತಿಗೆ ಊಟ ಮಾಡುತ್ತಿದ್ದದ್ದು ವಿಚಿತ್ರ ಅನ್ನಿಸಿತು, ಇಬ್ಬರಿಗೂ. ಹಾಗಾದರೆ ಈಗ ದೋಣಿ ಯಾರ ಕೈಯಲ್ಲಿದೆ ಅನ್ನುವ ಒಂದು ಸಣ್ಣ ದಿಗಿಲು ಹೋಗುತ್ತಲೇ ಇರಲಿಲ್ಲ.

ಆ ಸ್ಕ್ವಾಲಿನ ರಾತ್ರಿ ಏನಾಯಿತು ಅಂತ ಕೇಳಿದೆ. ಮೋಡ ರೇಡಾರಿನಲ್ಲಿ ಮೊದಲೇ ಕಂಡಿತ್ತಂತೆ. ಸ್ಪಿನ್ನೇಕರ್ ಇಳಿಸಲು ತಯಾರಾಗಿ ನಿಂತಿದ್ದರು. ಆದರೆ ಗಾಳಿ ಮೋಡಕ್ಕಿಂತ ಮುಂಚೆ ಬಂತು. ನಾನು ಕೇಳಿದ ಆ ಭಯಂಕರ ಬಡಿತ ಅವರೇ ಬೇಕಂತ ಹಗ್ಗ ಪೂರ್ತಿ ಬಿಟ್ಟದ್ದು, ಹಾಯಿಯಿಂದ ಗಾಳಿ ಹೊರಹೋಗಲಿ ಅಂತ. ಅದು ಆಗಬೇಕಾದ ಹಾಗೇ ಆಗಿತ್ತು. ಅವರಿಗೆ ಎದೆ ಝಲ್ಲೆಂದದ್ದು ಅದಾದ ಮೇಲೆ, ಎಲ್ಲ ನಿಂತ ಮೇಲೆ. ವಾಚ್ ಲೀಡರ್ ಒಬ್ಬೊಬ್ಬರ ಹೆಸರು ಕೂಗಿ ಎಣಿಸುವಾಗ ಆ ಎತ್ತರದ ಹುಡುಗ ಉತ್ತರ ಕೊಡಲಿಲ್ಲ. ಮತ್ತೆ ಕೂಗಿದರು. ಮತ್ತೆ ಉತ್ತರ ಇಲ್ಲ. ಅವನು ಮುಂದೆ ಮೂತಿಯ ಹತ್ತಿರ, ಒದ್ದೆ ಸ್ಪಿನ್ನೇಕರಿನ ಮೇಲೆ ಬೋರಲು ಮಲಗಿ ಅದು ನೀರಿಗೆ ಜಾರದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಪಟ್ಟಿ ಕಟ್ಟಿಕೊಂಡೇ ಇದ್ದ. ಬಾಯಿ ನೈಲಾನ್‌ಗೆ ಒತ್ತಿಹೋಗಿತ್ತು, ಕೂಗಿದ್ದು ಯಾರಿಗೂ ಕೇಳಲಿಲ್ಲ. ಅವರು ಟಾರ್ಚ್ ಹಾಕಿ ಅವನ ಬೂಟು ನೋಡುವ ತನಕ ಅರ್ಧ ನಿಮಿಷವಾಗಿರಬಹುದು. ನಾನು ಕೆಳಗೆ, ಸದ್ಯ ಮುಗಿಯಿತು ಅಂತ ಉಸಿರು ಬಿಟ್ಟದ್ದು ಸರಿಯಾಗಿ ಆ ಅರ್ಧ ನಿಮಿಷದಲ್ಲಿ.

ಬೆಳಗಿನ ಜಾವ ಚುಕ್ಕಾಣಿ ಕೊಡುವಾಗ ಇದನ್ನು ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಹುಡುಗ ಸಿಕ್ಕಿದ್ದ, ಹಾಯಿ ಚೀಲಕ್ಕೆ ಹೋಗಿತ್ತು, ನಿಮ್ಮ ಮುಂದಿನ ಒಂದು ಗಂಟೆಗೆ ಅದರಿಂದ ಏನೂ ಆಗಬೇಕಿರಲಿಲ್ಲ ಅಂದರು. ಹಿಂದೆ ಇನ್ನೊಂದು ಮೋಡ ಇತ್ತು, ಅದನ್ನು ಹೇಳಿದೆನಲ್ಲ ಅಂದರು. ನಿಜ, ಹೇಳಿದ್ದರು.

ಮೇ ತಿಂಗಳಲ್ಲಿ ಆ ದೋಣಿ ಕೆರಿಬಿಯನ್‌ನಿಂದ ಅಝೋರ್ಸ್ ದ್ವೀಪಗಳ ಹೋರ್ಟಾ ಮುಟ್ಟಿ ಇಂಗ್ಲೆಂಡಿಗೆ ವಾಪಸ್ ಬರುತ್ತದೆ. ಅದು ರೇಸ್ ಅಲ್ಲ, ದೋಣಿಯನ್ನು ಮನೆಗೆ ತರುವ ಪ್ರಯಾಣ, ಗಾಳಿ ಎದುರಿಗೂ ಸಿಗಬಹುದು, ಚಳಿ ಜಾಸ್ತಿ. ನಾವಿಬ್ಬರೂ ಬರುತ್ತೇವೆ ಅಂತ ಬರೆದಿದ್ದೇವೆ. ಈ ಸಲ ಇಬ್ಬರನ್ನೂ ಒಂದೇ ವಾಚಿಗೆ ಹಾಕಿ, ಆ ಮಧ್ಯರಾತ್ರಿಯ ಹೊತ್ತನ್ನು ಒಮ್ಮೆಯಾದರೂ ಒಟ್ಟಿಗೆ ನೋಡುತ್ತೇವೆ ಅಂತ ಸ್ಕಿಪ್ಪರ್‌ಗೆ ಕೇಳಿದ್ದೆವು. ಅವರ ಉತ್ತರ ಎರಡೇ ಸಾಲು. ಆಗಲ್ಲ, ನೀವಿಬ್ಬರೂ ದೋಣಿಯನ್ನು ಒಬ್ಬರಿಗೊಬ್ಬರು ಒಪ್ಪಿಸುವ ರೀತಿ ನನಗೆ ಬೇಕು. ಬಂಕ್ ಅದೇ, ಎಡಬದಿಯ ಕೆಳಗಿನದು, ರಾಟೆಗೆ ಹೊಸ ಹಗ್ಗ ಹಾಕಿಸಿದ್ದೇನೆ.